ಅಮೆದಿಯೊ ಅವೊಗಾಡ್ರೊ

ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲಿಯೇ ವಿದ್ಯಾರ್ಥಿಗೆ ಎದುರಾಗುವ ಒಂದು ಬೃಹತ್ ಸಂಖ್ಯೆಗೆ ಅವೊಗಾಡ್ರೊ ಸಂಖ್ಯೆಯೆಂದು ಹೆಸರು. ಆದರೆ ಆ ಹೆಸರಿನ ವಿಜ್ಞಾನಿಯು ಅದನ್ನು ಎಣಿಸಿದವನೂ ಅಲ್ಲ, ತನ್ನ ಜೀವಮಾನದಲ್ಲಿ ಕೇಳಿದವನೂ ಅಲ್ಲ.

ಅಮೆದಿಯೊ ಅವೊಗಾಡ್ರೊ 1776ರ ಆಗಸ್ಟ್ 9ರಂದು ಇಟಲಿಯ ತೂರಿನ್ ನಗರದಲ್ಲಿ ನ್ಯಾಯವೇತ್ತರ ಮನೆತನದಲ್ಲಿ ಜನಿಸಿದನು. ಇಪ್ಪತ್ತರ ಹರೆಯದಲ್ಲಿಯೇ ಚರ್ಚಿನ ಕಾನೂನಿನಲ್ಲಿ ಡಾಕ್ಟರೇಟ್ ಪಡೆದು ವಕೀಲನಾದರೂ ಆತನ ಮನಸ್ಸು ಗಣಿತ ಮತ್ತು ಭೌತಶಾಸ್ತ್ರಗಳಿಗೆ ಒಲಿಯಿತು. 1809ರಲ್ಲಿ ವೆರ್ಚೆಲ್ಲಿಯ ಕಾಲೇಜಿನಲ್ಲಿ ಅಧ್ಯಾಪಕನಾದನು.

ಆಗ ವಿದ್ವಾಂಸರನ್ನು ಒಂದು ಒಗಟು ಕಾಡುತ್ತಿದ್ದಿತು. ಎರಡು ಪಾಲು ಜಲಜನಕವೂ ಒಂದು ಪಾಲು ಆಮ್ಲಜನಕವೂ ಕೂಡಿದರೆ ಎರಡು ಪಾಲು ನೀರಾವಿ ದೊರೆಯುವುದು. ಪರಮಾಣುವನ್ನು ಸೀಳಲಾಗದೆಂದ ಮೇಲೆ ಒಂದು ಪಾಲು ಆಮ್ಲಜನಕವು ಎರಡು ಪಾಲು ಆವಿಗೆ ಹಂಚಿಹೋದದ್ದೆಂತು? 1811ರಲ್ಲಿ ಅವೊಗಾಡ್ರೊ ಇದಕ್ಕೆ ಉತ್ತರವಿತ್ತನು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿರುವ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ. ಆಮ್ಲಜನಕದ ಅಣುವಾದರೋ ಒಂಟಿ ಪರಮಾಣುವಲ್ಲ, ಅದು ಇಬ್ಭಾಗವಾಗಬಲ್ಲ ಜೋಡಿ. ಎಷ್ಟು ಸರಳ! ಆದರೂ ಒಂದೇ ಜಾತಿಯ ಪರಮಾಣುಗಳು ಪರಸ್ಪರ ಕೂಡಲಾರವೆಂದು ನಂಬಿದ್ದ ಕಾಲವದು. ಆ ವಾದವನ್ನು ಕೇಳುವವರಿರಲಿಲ್ಲ.

1820ರಲ್ಲಿ ದೊರೆತ ತೂರಿನ್ ವಿಶ್ವವಿದ್ಯಾನಿಲಯದ ಪೀಠವು ರಾಜಕೀಯ ಕ್ಷೋಭೆಯಿಂದ ಕೆಲವೇ ವರ್ಷಗಳಲ್ಲಿ ಕೈತಪ್ಪಿ, 1834ರಲ್ಲಿ ಮರಳಿತು. ಆತನು 1856ರ ಜುಲೈ 9ರಂದು ನಿಧನನಾದನು. ನಾಲ್ಕೇ ವರ್ಷಗಳ ತರುವಾಯ, 1860ರಲ್ಲಿ, ಜರ್ಮನಿಯ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಆತನ ದೇಶಬಾಂಧವ ಕಾನ್ನಿಜ್ಜಾರೊ ಆ ತತ್ತ್ವವನ್ನು ಎತ್ತಿಹಿಡಿದನು. ಪರಮಾಣು ಭಾರಗಳ ಗೊಂದಲವು ಕ್ರಮೇಣ ತಿಳಿಯಾಯಿತು.

ಸಂಖ್ಯೆಯು ಬಂದದ್ದು ಇನ್ನೂ ತಡವಾಗಿ. 1865ರಲ್ಲಿ ಆಸ್ಟ್ರಿಯದ ಲೋಶ್ಮಿಟ್ ಅಣುವಿನ ಗಾತ್ರವನ್ನು ಅಂದಾಜು ಮಾಡಿ ಎಣಿಕೆಗೆ ದಾರಿ ತೆರೆದನು. 1909ರಲ್ಲಿ ಫ್ರಾನ್ಸಿನ ಪೆರ್ರಾಂ ಅದಕ್ಕೆ ಅವೊಗಾಡ್ರೊನ ಹೆಸರನ್ನಿಟ್ಟನು. 2019ರ ಮೇ 20ರಿಂದ 6.02214076×10²³ ಕಣಗಳೇ ಒಂದು ಮೋಲ್ ಎಂಬುದು ಅಂತರರಾಷ್ಟ್ರೀಯ ಮಾನದ ನಿರ್ಣಯ.

ಮೋಲ್‌ಗಳನ್ನು ಈ ಸಂಖ್ಯೆಯಿಂದ ಗುಣಿಸಿದರೆ ಕಣಗಳು. ಕಣಗಳನ್ನು ಇದರಿಂದ ಭಾಗಿಸಿದರೆ ಮೋಲ್‌ಗಳು. ಲೆಕ್ಕದಲ್ಲಿ ತೊಡಕಿಲ್ಲ, ಎಣಿಸುವುದು ಅಣುವನ್ನೋ ಪರಮಾಣುವನ್ನೋ ಎಂಬಲ್ಲಿಯೇ ವಿದ್ಯಾರ್ಥಿಗಳು ಎಡವುವುದು. 16 ಗ್ರಾಂ ಆಮ್ಲಜನಕ ಅನಿಲವೆಂದರೆ ಅರ್ಧ ಮೋಲ್ ಅಣುಗಳು, ಅಂದರೆ ಸುಮಾರು 3.011×10²³. ಒಂದೊಂದು ಅಣುವಿನಲ್ಲಿಯೂ ಎರಡೆರಡು ಪರಮಾಣುಗಳಿರುವುದರಿಂದ ಪರಮಾಣುಗಳು ಅದರ ಇಮ್ಮಡಿ, 6.022×10²³. 1811ರಲ್ಲಿ ಅವೊಗಾಡ್ರೊ ಕಂಡ ಜೋಡಿಯೇ ಇದು.