ನ್ಯಾಯಾಧೀಶ, ಇತಿಹಾಸಕಾರ: ಕಾಜಿಮಿಯೆಶ್ ಯಾರೊಹೊವ್‌ಸ್ಕಿ

ಸ್ವಂತ ರಾಜ್ಯವಿಲ್ಲದ ಜನರ ನಡುವೆ ಹುಟ್ಟಿದ ವಿದ್ಯಾವಂತನೊಬ್ಬ ತನ್ನವರಿಗಾಗಿ ಏನು ಮಾಡಬಲ್ಲ? ಪೋಲೆಂಡಿನ ಕಾಜಿಮಿಯೆಶ್ ಯಾರೊಹೊವ್‌ಸ್ಕಿಯವರ ಬದುಕು ಈ ಪ್ರಶ್ನೆಗೆ ಒಂದು ಉತ್ತರವಾಗಿದೆ.

ಒಂದು ಕಾಲದಲ್ಲಿ ಯುರೋಪಿನ ದೊಡ್ಡ ರಾಜ್ಯಗಳಲ್ಲೊಂದಾಗಿದ್ದ ಪೋಲೆಂಡನ್ನು ರಷ್ಯಾ, ಆಸ್ಟ್ರಿಯಾ ಮತ್ತು ಪ್ರಷ್ಯಾ 1772ರಿಂದ 1795ರೊಳಗೆ ಪೂರ್ತಿಯಾಗಿ ಹಂಚಿಕೊಂಡವು. ನೆಪೋಲಿಯನ್ನನ ಪತನದ ಬಳಿಕ 1815ರಲ್ಲಿ ಪೊಜ್ನಾನ್ ಪ್ರದೇಶ ಮತ್ತೆ ಪ್ರಷ್ಯಾದ ವಶವಾಯಿತು. ಪೋಲಿಷ್ ಭಾಷೆಗೆ ಜರ್ಮನ್ ಭಾಷೆಯ ಜೊತೆಯಲ್ಲಿ ಸ್ಥಾನ ಕೊಡುವುದಾಗಿ ಅಲ್ಲಿನ ದೊರೆ ಅಂದು ಭರವಸೆ ನೀಡಿದ್ದನು.

ಈ ಪ್ರದೇಶದಲ್ಲಿ 1828ರಲ್ಲಿ ಜನಿಸಿದ ಯಾರೊಹೊವ್‌ಸ್ಕಿ ಕಾನೂನು ಓದಿ ಪೊಜ್ನಾನ್‌ನಲ್ಲಿ ನ್ಯಾಯಾಧೀಶರಾದರು. ವೃತ್ತಿಯಲ್ಲಿ ಅವರು ಪ್ರಷ್ಯಾದ ಕಾನೂನಿಗೆ ಬದ್ಧರಾಗಿದ್ದರು. ಆದರೆ ಅವರ ಮನಸ್ಸೆಲ್ಲ ತನ್ನ ಜನರ ಇತಿಹಾಸದಲ್ಲಿ ನೆಟ್ಟಿತ್ತು. ಅವರು ಆರಿಸಿಕೊಂಡದ್ದು ವೈಭವದ ಕಾಲವನ್ನಲ್ಲ, ಪೋಲೆಂಡ್ ದುರ್ಬಲವಾಗತೊಡಗಿದ ಎರಡನೇ ಅಗಸ್ಟಸ್ ದೊರೆಯ ಕಾಲವನ್ನು. ಆ ಕುರಿತ ಕೃತಿಯ ಮೊದಲ ಭಾಗ 1856ರಲ್ಲೂ ಎರಡನೆಯದು 1874ರಲ್ಲೂ ಹೊರಬಂದವು. ನಡುವೆ 18 ವರ್ಷಗಳು ಸಂದರೂ ಅವರು ಹಿಡಿದ ಕೆಲಸವನ್ನು ಬಿಡಲಿಲ್ಲ.

ಪೊಜ್ನಾನ್‌ನಲ್ಲಿ ಆಗ ವಿಶ್ವವಿದ್ಯಾಲಯವಿರಲಿಲ್ಲ. ಅದಕ್ಕಾಗಿ ಯಾರೂ ಕೈಕಟ್ಟಿ ಕೂರಲಿಲ್ಲ. 1857ರಲ್ಲಿ ಅಲ್ಲಿನ ವಿದ್ಯಾವಂತರು ಸೇರಿ ವಿದ್ಯಾಮಿತ್ರರ ಸಂಘವನ್ನು ಕಟ್ಟಿದರು. ತತ್ವಜ್ಞಾನಿ ಅಗಸ್ಟ್ ಚೆಷ್ಕೊವ್‌ಸ್ಕಿ ಅದರ ಮೊದಲ ಅಧ್ಯಕ್ಷರು, ಯಾರೊಹೊವ್‌ಸ್ಕಿ ಸ್ಥಾಪಕರಲ್ಲೊಬ್ಬರು. ಸಂಘವು ಗ್ರಂಥಗಳನ್ನೂ ಪ್ರಾಚೀನ ವಸ್ತುಗಳನ್ನೂ ಸಂಗ್ರಹಿಸಿತು, ಸಂಶೋಧನೆಗಳನ್ನು ಪ್ರಕಟಿಸಿತು.

ಮುಂದೆ ಕಾಲ ಕಠಿಣವಾಯಿತು. 1876ರ ಕಾಯಿದೆಯು ಕಚೇರಿ, ನ್ಯಾಯಾಲಯಗಳಲ್ಲಿ ಜರ್ಮನ್ ಒಂದನ್ನೇ ಅಧಿಕೃತ ಭಾಷೆಯನ್ನಾಗಿ ಮಾಡಿತು. 1815ರ ಭರವಸೆ ಹುಸಿಯಾಯಿತು. 1886ರಲ್ಲಿ ಪೋಲಿಷರ ಜಮೀನು ಕೊಂಡು ಜರ್ಮನರನ್ನು ನೆಲೆಗೊಳಿಸಲು ಸರಕಾರ 10 ಕೋಟಿ ಮಾರ್ಕ್ ಮೀಸಲಿಟ್ಟಿತು. ಎರಡು ವರ್ಷಗಳ ತರುವಾಯ, 1888ರಲ್ಲಿ, ಯಾರೊಹೊವ್‌ಸ್ಕಿ ಪೊಜ್ನಾನ್‌ನಲ್ಲಿ ನಿಧನರಾದರು. ಸ್ವತಂತ್ರ ಪೋಲೆಂಡನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಆದರೆ ಅವರು ಕಟ್ಟಿದ ಸಂಘ ಉಳಿಯಿತು. ಪೋಲೆಂಡ್ ಮರಳಿ ತಲೆಯೆತ್ತಿದಾಗ, 1919ರಲ್ಲಿ, ಪೊಜ್ನಾನ್‌ನಲ್ಲಿ ವಿಶ್ವವಿದ್ಯಾಲಯ ಆರಂಭವಾಯಿತು. ಅದರ ಪ್ರಥಮ ಕುಲಪತಿ ಹೆಲಿಯೊದೊರ್ ಶ್ವಿಯೆಂಚಿಟ್ಸ್‌ಕಿ ಇದೇ ಸಂಘದ ಅಧ್ಯಕ್ಷರಾಗಿದ್ದರು. ಸಂಘ ಇಂದಿಗೂ ಕಾರ್ಯನಿರತವಾಗಿದೆ.

ವಿದ್ಯಾರ್ಥಿ ಮಿತ್ರರೇ, ಉದ್ಯೋಗ ದೊರೆತೊಡನೆ ಕಲಿಕೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಈ ನ್ಯಾಯಾಧೀಶರು ಹಾಗೆ ಭಾವಿಸಲಿಲ್ಲ. ವಿದ್ಯಾಸಂಸ್ಥೆ ಕಟ್ಟುವವರು ಅದರ ಫಲವನ್ನು ತಾವೇ ಉಣ್ಣಬೇಕೆಂದೇನೂ ಇಲ್ಲ. ಸಸಿ ನೆಟ್ಟು ನೀರೆರೆದರೆ ಮುಂದಿನವರಿಗೆ ನೆರಳು ಸಿಗುತ್ತದೆ.