ಬಾಲಗಂಧರ್ವ: ಪ್ರೇಕ್ಷಕರನ್ನೇ ದೇವರೆಂದು ನಂಬಿದ ನಟ

ಪುಣೆಯಲ್ಲಿರುವ ಕನ್ನಡಿಗರಿಗೆ ಬಾಲಗಂಧರ್ವ ರಂಗಮಂದಿರ ಚಿರಪರಿಚಿತ. ಆದರೆ ಆ ಹೆಸರಿನ ಹಿಂದಿರುವ ನಟನ ಕಥೆ ಎಷ್ಟು ಮಂದಿಗೆ ಗೊತ್ತು?

ಅವರ ನಿಜನಾಮ ನಾರಾಯಣ ಶ್ರೀಪಾದ ರಾಜಹಂಸ. ಹುಟ್ಟಿದ್ದು 1888ರ ಜೂನ್ 26ರಂದು. ಬಾಲಕನ ಹಾಡು ಕೇಳಿ ಮೆಚ್ಚಿದ ಲೋಕಮಾನ್ಯ ತಿಲಕರು ಬಾಲಗಂಧರ್ವ ಎಂದು ಕರೆದರೆಂಬ ಪ್ರತೀತಿಯಿದೆ. 1905ರಲ್ಲಿ ಅವರು ಸೇರಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಕಟ್ಟಿದ್ದ ನಾಟಕ ಮಂಡಳಿಯನ್ನು.

ಹೆಂಗಸರು ರಂಗವೇರದ ಕಾಲವದು. ಸ್ತ್ರೀಪಾತ್ರದಲ್ಲಿ ಅವರು ಉಟ್ಟ ಸೀರೆ, ತೊಟ್ಟ ಒಡವೆ, ಮುಡಿದ ಹೂವನ್ನು ನೋಡಿ ಮನೆಮನೆಯ ಹೆಣ್ಣುಮಕ್ಕಳು ಅನುಕರಿಸುತ್ತಿದ್ದರು. ಜನ 'ಒನ್ಸ್ ಮೋರ್' ಎಂದರೆ ಸಾಕು, ಅದೇ ಪದವನ್ನು ಮತ್ತೆ ಮತ್ತೆ ಹಾಡುತ್ತಿದ್ದರು. ಪ್ರತಿ ಸಲವೂ ಹೊಸ ಆಲಾಪ, ಹೊಸ ತಾನು. ಹೀಗಾಗಿ ನಾಟಕ ಬೆಳಗಿನ ಜಾವದವರೆಗೂ ನಡೆಯುತ್ತಿತ್ತು. ಅದು ಎಷ್ಟು ಹೊತ್ತಿಗೆ ಮುಗಿಯಬೇಕೆಂದು ತೀರ್ಮಾನಿಸುತ್ತಿದ್ದವರು ಪ್ರೇಕ್ಷಕರೇ!

1911ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ 'ಮಾನಾಪಮಾನ'ದ ಮೊದಲ ಪ್ರದರ್ಶನ. ಅದೇ ದಿನ ಅವರ ಪುಟ್ಟ ಮಗಳು ತೀರಿಕೊಂಡಳು. ಪ್ರದರ್ಶನ ರದ್ದು ಮಾಡೋಣವೆಂದರೂ ಅವರು ಒಪ್ಪಲಿಲ್ಲ. ಟಿಕೆಟ್ ಕೊಂಡು ಬಂದವರನ್ನು ನಿರಾಶೆಗೊಳಿಸಬಾರದೆಂದು ದುಃಖ ನುಂಗಿ, ಬಣ್ಣ ಹಚ್ಚಿ ರಂಗಕ್ಕೆ ಬಂದರು.

1913ರಲ್ಲಿ ಗಂಧರ್ವ ನಾಟಕ ಮಂಡಳಿ ಆರಂಭವಾಯಿತು. ಪ್ರೇಕ್ಷಕರ ಮುಂದೆ ಅಗ್ಗದ ವಸ್ತು ಇಡಬಾರದೆಂಬ ಹಟ ಅವರದು. ಬೆಲೆಬಾಳುವ ಪೀತಾಂಬರ, ಅತ್ತರು, ವೈಭವದ ರಂಗಸಜ್ಜಿಕೆಗೆ ನೀರಿನಂತೆ ಹಣ ಸುರಿದರು. ಸಾಲ ಬೆನ್ನೇರಿತು. ಆದರೆ 1919ರ 'ಏಕಚ್ ಪ್ಯಾಲಾ'ದಲ್ಲಿ ಕುಡುಕನ ಹೆಂಡತಿ ಸಿಂಧುವಾಗಿ ಹರಿದ ಸೀರೆಯಲ್ಲಿ ಬಂದಾಗಲೂ ಜನ ಕಣ್ಣೀರಿಟ್ಟು ನೋಡಿದರು. ಜನ ಬರುತ್ತಿದ್ದುದು ಜರತಾರಿಗಾಗಿ ಮಾತ್ರವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಟಾಕಿ ಚಿತ್ರಗಳು ಬಂದ ಮೇಲೆ ನಾಟಕ ಕಂಪನಿಗಳು ಸೊರಗಿದವು. 1935ರಲ್ಲಿ ಪ್ರಭಾತ್ ಸಂಸ್ಥೆಯ 'ಧರ್ಮಾತ್ಮಾ' ಚಿತ್ರದಲ್ಲಿ ಬಾಲಗಂಧರ್ವರು ಸಂತ ಏಕನಾಥರಾದರು. ಆದರೆ ಕ್ಯಾಮೆರಾ ತಲೆದೂಗುವುದಿಲ್ಲ, 'ಒನ್ಸ್ ಮೋರ್' ಎನ್ನುವುದಿಲ್ಲ. ಆ ಲೋಕ ಅವರಿಗೆ ಒಗ್ಗಲಿಲ್ಲ, ರಂಗಭೂಮಿಗೇ ಮರಳಿದರು. ಮುಂದೆ ಬಿಜಾಪುರ ಕಡೆಯ ಗಾಯಕಿ ಗೋಹರಬಾಯಿ ಕರ್ನಾಟಕಿ ಅವರ ರಂಗಸಂಗಾತಿಯೂ ಬಾಳಸಂಗಾತಿಯೂ ಆದರು.

1964ರಲ್ಲಿ ಪದ್ಮಭೂಷಣ ಬಂತು. ಆ ಹೊತ್ತಿಗೆ ಕಾಲುಗಳ ಬಲ ಹೋಗಿತ್ತು, ಕೈಯಲ್ಲಿ ಕಾಸೂ ಉಳಿದಿರಲಿಲ್ಲ. 1967ರ ಜುಲೈ 15ರಂದು ಅವರು ಕೊನೆಯುಸಿರೆಳೆದರು. ಗಳಿಸಿದ್ದನ್ನೆಲ್ಲ ಅವರು ನೋಡುಗರಿಗೇ ಹಿಂದಿರುಗಿಸಿದ್ದರು.