ಉದ್ದದ ಅಣುವನ್ನು ಕಂಡ ಹರ್ಮನ್ ಸ್ಟೌಡಿಂಗರ್

ಪಾಲಿಮರ್ ಎಂದರೆ ಸಾವಿರಾರು ಚಿಕ್ಕ ಅಣುಗಳು ಒಂದಕ್ಕೊಂದು ಬಂಧಗೊಂಡು ಆದ ಉದ್ದದ ಸರಪಳಿ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಇಷ್ಟು ಬರೆದು ನಾವು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ಈ ಒಂದು ವಾಕ್ಯವನ್ನು ರಸಾಯನಶಾಸ್ತ್ರಜ್ಞರು ಒಪ್ಪಿಕೊಳ್ಳಲು ಹತ್ತು ವರ್ಷಗಳೇ ಬೇಕಾದವು. ಅದಕ್ಕಾಗಿ ಹೋರಾಡಿದವರು ಜರ್ಮನಿಯ ಹರ್ಮನ್ ಸ್ಟೌಡಿಂಗರ್. ನಮ್ಮ ಪತ್ರಿಕೆಗೆ ಈ ಬಾರಿ ಒಬ್ಬ ವಿಜ್ಞಾನಿಯ ಪರಿಚಯ ಬರೆಯಬೇಕೆಂದಾಗ ನಾನು ಅವರನ್ನೇ ಆರಿಸಿಕೊಂಡೆ.

ಸ್ಟೌಡಿಂಗರ್ ಹುಟ್ಟಿದ್ದು 1881ರ ಮಾರ್ಚ್ 23ರಂದು, ವೋರ್ಮ್ಸ್ ಪಟ್ಟಣದಲ್ಲಿ. ತಂದೆ ಫ್ರಾಂಜ್ ಶಿಕ್ಷಕರು, ತತ್ತ್ವಶಾಸ್ತ್ರದ ಚಿಂತಕರು. ಹುಡುಗನಿಗೆ ಸಸ್ಯಶಾಸ್ತ್ರ ಓದುವ ಆಸೆ. ಗಿಡಗಳನ್ನು ಚೆನ್ನಾಗಿ ಅರಿಯಬೇಕಾದರೆ ಮೊದಲು ರಸಾಯನಶಾಸ್ತ್ರ ಗೊತ್ತಿರಬೇಕು ಎಂಬ ಸಲಹೆ ಮನೆಯಲ್ಲಿ ಸಿಕ್ಕಿತು. ಹಾಗೆ ಹಿಡಿದ ದಾರಿಯಲ್ಲೇ ಅವರು ಕೊನೆಯವರೆಗೂ ನಡೆದರು. 1903ರಲ್ಲಿ ಹಾಲೆ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಕೀಟೀನ್ ಎಂಬ ಹೊಸ ಸಂಯುಕ್ತಗಳನ್ನು ಕಂಡುಹಿಡಿದು ಚಿಕ್ಕ ವಯಸ್ಸಿನಲ್ಲೇ ಹೆಸರಾದರು. 1912ರಲ್ಲಿ ಜ್ಯೂರಿಕ್‌ನಲ್ಲಿ ಪ್ರಾಧ್ಯಾಪಕರಾದರು.

ರಬ್ಬರ್, ಪಿಷ್ಟ, ಸೆಲ್ಯುಲೋಸ್‌ಗಳಲ್ಲಿ ಚಿಕ್ಕ ಅಣುಗಳು ಗುಂಪುಗೂಡಿ ನಿಂತಿವೆ, ಅಷ್ಟೇ ಎಂದು ಆ ಕಾಲದ ಹಿರಿಯರು ನಂಬಿದ್ದರು. ಅವರ ದೃಷ್ಟಿಯಲ್ಲಿ ಅದು ಬುಟ್ಟಿಯಲ್ಲಿ ತುಂಬಿದ ಬಿಡಿ ಹೂವು. ಅದು ದಾರದಲ್ಲಿ ಕಟ್ಟಿದ ಮಾಲೆ ಎಂದು ಸ್ಟೌಡಿಂಗರ್ 1920ರ ಲೇಖನದಲ್ಲಿ ವಾದಿಸಿದರು. ಅಷ್ಟು ದೊಡ್ಡ ಅಣು ಇರಲು ಸಾಧ್ಯವಿಲ್ಲ, ಆ ಯೋಚನೆ ಬಿಟ್ಟುಬಿಡಿ ಎಂದು ಸ್ನೇಹಿತರಾದ ಹೈನ್ರಿಚ್ ವೀಲಾಂಡ್ ಅವರೇ ಬುದ್ಧಿ ಹೇಳಿದರು. ವೀಲಾಂಡ್ ಮುಂದೆ ನೊಬೆಲ್ ಪಡೆದ ರಸಾಯನಶಾಸ್ತ್ರಜ್ಞ. ಅವರ ಮಾತನ್ನು ತಳ್ಳಿಹಾಕುವುದು ಸುಲಭವಾಗಿರಲಿಲ್ಲ.

ಸ್ಟೌಡಿಂಗರ್ ಪ್ರಯೋಗದಿಂದ ಉತ್ತರ ಕೊಟ್ಟರು. ರಬ್ಬರಿನ ದ್ವಿಬಂಧಗಳ ಸೆಳೆತವೇ ಚಿಕ್ಕ ಅಣುಗಳನ್ನು ಗುಂಪಾಗಿ ಹಿಡಿದಿದೆ ಎಂಬುದು ಎದುರಾಳಿಗಳ ವಾದ. ಹಾಗಿದ್ದರೆ ಹೈಡ್ರೋಜನ್ ಸೇರಿಸಿ ದ್ವಿಬಂಧಗಳನ್ನು ತೆಗೆದಾಗ ಗುಂಪು ಚೆದುರಬೇಕು. 1922ರಲ್ಲಿ ಅವರು ಶಿಷ್ಯ ಫ್ರಿಟ್ಶಿ ಜೊತೆ ಅದನ್ನೇ ಮಾಡಿ ನೋಡಿದರು. ಗುಂಪು ಚೆದುರಲಿಲ್ಲ. ರಬ್ಬರ್ ಮೊದಲಿನಂತೆಯೇ ದಪ್ಪ ದ್ರಾವಣ ಕೊಟ್ಟಿತು. ಹಿಡಿದಿಟ್ಟಿದ್ದು ಗಟ್ಟಿಯಾದ ಸಹವೇಲೆನ್ಸಿ ಬಂಧವೇ ಎಂದು ಅವರಿಗೆ ಖಚಿತವಾಯಿತು. ಆ ದೊಡ್ಡ ಅಣುವಿಗೆ ಮ್ಯಾಕ್ರೋಮಾಲಿಕ್ಯೂಲ್ ಎಂದು ಹೆಸರಿಟ್ಟರು. 1926ರಲ್ಲಿ ಫ್ರೈಬರ್ಗ್‌ಗೆ ಬಂದ ಮೇಲೂ ಇದೇ ಕೆಲಸ ಮುಂದುವರಿಯಿತು. ಸರಪಳಿ ಉದ್ದವಾದಷ್ಟೂ ದ್ರಾವಣದ ಸ್ನಿಗ್ಧತೆ ಹೆಚ್ಚುತ್ತದೆ ಎಂದು ತೋರಿಸಲು ಅವರು ಹೆಚ್ಚಾಗಿ ಬಳಸಿದ್ದು ಗಾಜಿನಂತೆ ಹೊಳೆಯುವ ಪಾಲಿಸ್ಟೈರೀನನ್ನು.

ಪ್ರಯೋಗಾಲಯದ ಹೊರಗೂ ಅವರು ಸುಮ್ಮನಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಬಳಕೆಯನ್ನು ವಿರೋಧಿಸಿದರು. ಆ ಅಸ್ತ್ರವನ್ನು ಬೆಳೆಸಿದ ಫ್ರಿಟ್ಜ್ ಹೇಬರ್ ಅವರ ಕೋಪಕ್ಕೂ ಗುರಿಯಾದರು. ನಾಜಿಗಳು ಅಧಿಕಾರಕ್ಕೆ ಬಂದಾಗ ಆ ಹಳೆಯ ನಿಲುವೇ ಅವರ ಮೇಲೆ ಆರೋಪವಾಯಿತು. ದೂರು ಕೊಟ್ಟವರು ಆಗ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ತತ್ತ್ವಜ್ಞಾನಿ ಹೈಡೆಗರ್. ಸ್ಟೌಡಿಂಗರ್ ರಾಜೀನಾಮೆ ಬರೆದುಕೊಡಬೇಕಾಯಿತು. ಅದು ಜಾರಿಗೆ ಬರಲಿಲ್ಲ. 1944ರ ನವೆಂಬರ್‌ನಲ್ಲಿ ಫ್ರೈಬರ್ಗ್ ಮೇಲೆ ಬಾಂಬ್ ಬಿದ್ದಾಗ ಅವರ ಪ್ರಯೋಗಾಲಯ ನಾಶವಾಯಿತು. ಆಗ ಅವರಿಗೆ 63 ವರ್ಷ. 1947ರಲ್ಲಿ ಅವರು ಪಾಲಿಮರ್‌ಗಳಿಗಾಗಿಯೇ ಹೊಸ ಪತ್ರಿಕೆಯೊಂದನ್ನು ಆರಂಭಿಸಿದರು. ಸಸ್ಯವಿಜ್ಞಾನಿಯಾಗಿದ್ದ ಪತ್ನಿ ಮಾಗ್ಡಾ ಈ ಕೆಲಸಗಳಲ್ಲಿ ಜೊತೆಗಿದ್ದರು. ನೊಬೆಲ್ ಬಂದದ್ದು 1953ರಲ್ಲಿ, 72ನೇ ವಯಸ್ಸಿನಲ್ಲಿ. 1965ರ ಸೆಪ್ಟೆಂಬರ್ 8ರಂದು ಫ್ರೈಬರ್ಗ್‌ನಲ್ಲೇ ನಿಧನರಾದರು.

ಅವರ ಎಲ್ಲ ಮಾತುಗಳೂ ಸರಿಯಾಗಿರಲಿಲ್ಲ. ಸರಪಳಿಗಳು ಕಡ್ಡಿಯಂತೆ ನೆಟ್ಟಗಿರುತ್ತವೆ ಎಂದು ಅವರು ಪಟ್ಟು ಹಿಡಿದಿದ್ದರು. ಅವು ನೂಲಿನಂತೆ ಸುತ್ತಿಕೊಳ್ಳುತ್ತವೆ ಎಂದು ನಂತರದವರು ತೋರಿಸಿದರು. ಹಿರಿಯರ ಹಟದಿಂದ ನೊಂದವರು ತಾವೂ ಹಟ ಹಿಡಿದರಲ್ಲ ಎಂದು ಓದುವಾಗ ನನಗೆ ಅನಿಸಿತು.

ಆದರೂ ಸರಪಳಿ ಇದೆ ಎಂದು ಒಪ್ಪಿದ ಮೇಲೆಯೇ ಅದರ ಕೊಂಡಿಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬ ಪ್ರಶ್ನೆ ಹುಟ್ಟಲು ಸಾಧ್ಯ. ಪಾಲಿಸ್ಟೈರೀನ್ ಪಾರದರ್ಶಕ, ಆದರೆ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಸ್ಟೈರೀನ್ ಜೊತೆ ಮಲೀಯಿಕ್ ಅನ್‌ಹೈಡ್ರೈಡ್ ಸೇರಿಸಿದರೆ ಎರಡೂ ಒಂದು ಮಲ್ಲಿಗೆ, ಒಂದು ಕನಕಾಂಬರ ಎಂಬಂತೆ ಸರದಿಯಾಗಿ ಕೂರುತ್ತವೆ. ಒಂದರಲ್ಲಿ ಇಲೆಕ್ಟ್ರಾನ್ ಸಾಂದ್ರತೆ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಆದ್ದರಿಂದ ಪ್ರತಿಯೊಂದೂ ತನ್ನಂಥದ್ದನ್ನು ಬಿಟ್ಟು ಇನ್ನೊಂದನ್ನೇ ಹುಡುಕುತ್ತದೆ. ಇದೇ ಪರ್ಯಾಯ ಸಹಪಾಲಿಮರೀಕರಣ. ಅನ್‌ಹೈಡ್ರೈಡಿನ ಉಂಗುರಗಳು ಸರಪಳಿಯನ್ನು ಸುಲಭವಾಗಿ ತಿರುಗಲು ಬಿಡುವುದಿಲ್ಲ, ಹಾಗಾಗಿ ಅದು ಮೆತ್ತಗಾಗಲು ಹೆಚ್ಚು ಶಾಖ ಬೇಕು. ಒಳಗೆ ಸ್ಫಟಿಕಗಳು ಕಟ್ಟದೆ ಇರುವುದರಿಂದ ಬೆಳಕು ಚೆದುರದೆ ಹಾದುಹೋಗುತ್ತದೆ.

ನನಗೆ ಹೆಚ್ಚು ಬೆರಗು ತಂದದ್ದು ಐಸೊಬ್ಯುಟೀನ್. ಅದೊಂದೇ ಪಾಲಿಮರ್ ಆದರೆ ಚೂಯಿಂಗ್ ಗಮ್‌ಗೆ ಬಳಸುವ ಮೆತ್ತನೆಯ ವಸ್ತು. ಅದನ್ನೇ ಮೀಥೈಲ್ ಮಲೀಮೈಡ್ ಜೊತೆ ಸರದಿಯಾಗಿ ಜೋಡಿಸಿದರೆ ಸುಮಾರು 150 ಡಿಗ್ರಿವರೆಗೂ ಗಟ್ಟಿಯಾಗಿ ನಿಲ್ಲುವ ಪಾರದರ್ಶಕ ಪ್ಲಾಸ್ಟಿಕ್! ಬುಟ್ಟಿಯ ಬಿಡಿ ಹೂವುಗಳಿಗೆ ಸರದಿ ಎಂಬುದಿಲ್ಲ. ಮಾಲೆ ಎಂದು ತಿಳಿದವರಿಗೆ ಮಾತ್ರ ಇಂಥದ್ದನ್ನು ಕಟ್ಟುವ ಯೋಚನೆ ಬರುತ್ತದೆ.

ಸಹಪಾಠಿಗಳೇ, ದೊಡ್ಡವರು ಇಲ್ಲ ಎಂದಾಗ ಸ್ಟೌಡಿಂಗರ್ ಇನ್ನೊಂದು ಪ್ರಯೋಗ ಮಾಡಿದರು. ಪ್ರಯೋಗಾಲಯದಲ್ಲಿ ಉತ್ತರ ಪುಸ್ತಕದಂತೆ ಬರದಿದ್ದರೆ ಪಕ್ಕದವರ ರೀಡಿಂಗ್ ಬರೆದುಕೊಳ್ಳುವ ಬದಲು ನಾವೂ ಇನ್ನೊಮ್ಮೆ ಅಳೆದು ನೋಡೋಣ.